ಹೆಬ್ಬಲಸಿನ ಕ್ಲೋರೋಪ್ಲಾಸ್ಟ್ ಜಿನೋಮ್‌ಗೆ ಇಲ್ಯುಮಿನಾ ಸಾಕಾ, ನ್ಯಾನೋಪೋರ್ ಬೇಕಾ?

ಹಲಸಿನ ಮೂಲ ಅದರ ಕಾಡು ನೆಂಟ ಹೆಬ್ಬಲಸೇ ಅಂತ ಕ್ಲೋರೋಪ್ಲಾಸ್ಟ್ (ಎಲೆಯ ಹಸಿರು ಕಣ) ಒಳಗಿನ ಡಿಎನ್‌ಎ ಓದಿಸಿ ತೋರಿಸಬೇಕು, ಅದಕ್ಕೆ ಚಿಕ್ಕ ತುಣುಕು ಓದುವ ಇಲ್ಯುಮಿನಾ ಮೆಷಿನ್ ಸಾಕಾ, ಉದ್ದುದ್ದ ಓದುವ ನ್ಯಾನೋಪೋರ್ ಬೇಕಾ ಅಂತ ಕೇಳಿದ್ದೀರಿ. ಹಾಸನದಲ್ಲಿ ಎಂ.ಎಸ್ಸಿ. ಮಾಡುವಾಗ ನನಗೂ ಇದೇ ಹುಚ್ಚಿತ್ತು.

ಎಲೆಗೆ ಸಕಲೇಶಪುರದ ಕಡೆ ಒಂದು ಕಾಫಿ ತೋಟಕ್ಕೆ ಹೋಗಿದ್ದೆ. ಹೆಬ್ಬಲಸಿನ ಮರ ಭಾರೀ ಎತ್ತರ, ಕೊಂಬೆ ಕೈಗೆ ಸಿಗಲ್ಲ. ಬುಡದಲ್ಲಿ ಸೊಂಟದುದ್ದದ ಸಸಿಗಳಿದ್ದವು, ಎಲೆ ಸೀಳು ಸೀಳು. ಹೆಬ್ಬಲಸಿನ ಸಸಿಯ ಎಲೆ ಹಾಗೇ ಇರುತ್ತದೆ ಅಂತ ಓದಿದ್ದೆ, ಡಿಎನ್‌ಎಗೂ ಎಳೆ ಎಲೆಯೇ ಒಳ್ಳೆಯದು. ಕಿತ್ತುಕೊಂಡು ಬಂದೆ. ಆದರೆ ಹಲಸಿನ ಸಸಿಯ ಎಲೆಯೂ ಸೀಳಿರುತ್ತದೆ ಕಣ್ರೀ! ತೋಟದಲ್ಲಿ ಯಾರೋ ತಿಂದು ಬಿಸಾಕಿದ ಹಲಸಿನ ಬೀಜ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಎಳೆ ರೆಂಬೆ, ಎಲೆಯ ಅಡಿಭಾಗ ಬೆರಳಲ್ಲಿ ಸವರಿದ್ದರೆ ಸಾಕಿತ್ತು. ಹೆಬ್ಬಲಸಾದರೆ ಒರಟು ರೋಮ ತಗಲುತ್ತದೆ. ನಾನು ಸವರಲಿಲ್ಲ. ಗುರುತಿಗೆ ರೆಂಬೆ ಒಣಗಿಸಿ ಅಂಟಿಸಿಡುವ ಹರ್ಬೇರಿಯಂ ಹಾಳೆಯನ್ನೂ ಮಾಡಲಿಲ್ಲ.

ದುಡ್ಡು ಕಟ್ಟಿ ಸೀಕ್ವೆನ್ಸ್ ಮಾಡಿಸಿದೆ. ಸುಮಾರು 1,60,000 ಬೇಸ್ (ಡಿಎನ್‌ಎಯ ಅಕ್ಷರ), ಉಂಗುರದಂಥ ಜಿನೋಮ್‌ನ ವೃತ್ತ ಸರಿಯಾಗಿ ಕೂಡಿಕೊಂಡಿತು. ಹಲಸಿನದಕ್ಕೆ ಹೋಲಿಸಿದರೆ ವ್ಯತ್ಯಾಸವೇ ಇಲ್ಲ! ಮೂಲ ಸಿಕ್ಕಿತು ಅಂತ ಕುಣಿದಾಡಿದೆ. ಗೈಡ್ ಕೇಳಿದ್ದು ಒಂದೇ ಮಾತು: "ವೋಚರ್ ಎಲ್ಲಪ್ಪಾ?" ಅಂದರೆ ಆ ಗುರುತಿನ ಹಾಳೆ. ನಾನು ಓದಿಸಿದ್ದು ಹಲಸನ್ನೇ. ಪ್ರಾಜೆಕ್ಟ್ ದುಡ್ಡು ಅಲ್ಲಿಗೆ ಮುಗಿಯಿತು.

ಹಾಗಾಗಿ ಮೆಷಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಕೋಶದಲ್ಲೂ ಈ ಜಿನೋಮ್‌ನ ಪ್ರತಿಗಳು ರಾಶಿ ಇರುತ್ತವೆ. ಕ್ಲೋರೋಪ್ಲಾಸ್ಟ್ ಬೇರೆ ಮಾಡಬೇಕಿಲ್ಲ. ಒಟ್ಟು ಡಿಎನ್‌ಎ ಕೊಟ್ಟು ಇಲ್ಯುಮಿನಾದಲ್ಲಿ ಸ್ವಲ್ಪ ಓದಿಸಿದರೂ ಸಾಕು, ತುಣುಕು ಜೋಡಿಸಲು ಗೆಟ್‌ಆರ್ಗನೆಲ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆ ವೃತ್ತದಲ್ಲಿ ಚಿಕ್ಕ ಸಿಂಗಲ್ ಕಾಪಿ ಅನ್ನುವ ಒಂದು ಭಾಗ ತಿರುಗುಮುರುಗಾಗಿ ಕಂಡರೆ ಗಾಬರಿ ಬೇಡ, ಒಂದೇ ಗಿಡದಲ್ಲಿ ಎರಡೂ ದಿಕ್ಕಿನವು ಇರುತ್ತವೆ.

ಇನ್ನು ಆ "ಮೂಲ"ದ ಆಸೆ ಬಿಟ್ಟುಬಿಡಿ. ಹೆಬ್ಬಲಸು ಹಲಸಿಗಿಂತ ಜೀಗುಜ್ಜೆಗೇ (ದೀವಿ ಹಲಸು) ಹತ್ತಿರದ ನೆಂಟ. ಕಾಯಿ ಎಲ್ಲಿ ಬಿಡುತ್ತದೆ ನೋಡಿ. ಹಲಸು ಕಾಂಡದಲ್ಲಿ, ಇವೆರಡು ರೆಂಬೆಯ ತುದಿಯಲ್ಲಿ. ಸಾಲದ್ದಕ್ಕೆ ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುತ್ತದೆ, ಅಪ್ಪನ ಕಡೆ ಏನೂ ಹೇಳುವುದಿಲ್ಲ.

ಮಳೆಗೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಶುರುವಾದಾಗ ತೋಟಕ್ಕೆ ಹೋಗಿ. ಮರ ಹತ್ತುವವರಿಗೆ ಹೇಳಿ ಕಾಯಿರುವ ಒಂದು ರೆಂಬೆ ಕಡಿಸಿಕೊಳ್ಳಿ. ಅರ್ಧ ಹರ್ಬೇರಿಯಂಗೆ, ಅದರದ್ದೇ ಚಿಗುರು ಒಣಗಲು ಸಿಲಿಕಾ ಜೆಲ್‌ಗೆ. ಮೇಣ, ಫೀನಾಲ್ ಜಾಸ್ತಿ, ಡಿಎನ್‌ಎ ತೆಗೆಯುವ ಸಿಟಿಎಬಿ ವಿಧಾನದಲ್ಲಿ ಫೀನಾಲ್ ಹಿಡಿಯುವ ಪಿವಿಪಿ ಹಾಕುವುದು ಮರೆಯಬೇಡಿ. ನ್ಯಾನೋಪೋರ್‌ಗೆ ಇಟ್ಟ ದುಡ್ಡಲ್ಲಿ ಇನ್ನೊಂದೆರಡು ಮರ ಓದಿಸಿ. ಒಂದಾದರೂ ಮೂಡಿಗೆರೆ ಕಡೆಯದಿರಲಿ.