ಒಂದೇ ಚಿತ್ರ, ಎರಡು ಪುಸ್ತಕದಲ್ಲಿ ಎರಡು ಬಣ್ಣ: ಯಾವುದನ್ನು ನಂಬುವುದು?
ಚಿತ್ರಕಲಾವಿದೆ ಅಮೃತಾ ಶೇರ್-ಗಿಲ್ ಅವರ 1937ರ ‘ಬ್ರಹ್ಮಚಾರಿಗಳು’ ಚಿತ್ರವನ್ನು ನೋಡಿ ನಕಲು ಬರೆಯಲು ಹೊರಟ ನೀವು, ಅದು ಹಳೆಯ ಪುಸ್ತಕದಲ್ಲಿ ಒಂದು ಬಣ್ಣ, ಹೊಸದರಲ್ಲಿ ಇನ್ನೊಂದು ಬಣ್ಣ ಎಂದು ಕೇಳಿದ್ದೀರಿ. ಹಳೆಯದರಲ್ಲಿ ಮಾತ್ರ ಅದು ಕೆಂಪಾಗಿ ಕಾಣುವುದಕ್ಕೆ ಕಾರಣ ಬಹುಶಃ ಮಾಸಿದ ಸ್ಲೈಡ್‌ನಿಂದ (ಚಿತ್ರದ ಫೋಟೋ ಇರುವ ಪಾರದರ್ಶಕ ಫಿಲ್ಮ್) ಮಾಡಿದ ಮುದ್ರಣ. ಫಿಲ್ಮಿನಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಮೊದಲು ಇಳಿದರೆ ಚಿತ್ರವೆಲ್ಲ ಕೆಂಪಿಗೆ ತಿರುಗುತ್ತದೆ.

ಎರಡನ್ನೂ ಹಗಲಲ್ಲಿ ಕಿಟಕಿ ಪಕ್ಕ ಇಡಿ, ಬಲ್ಬಿನ ಕೆಳಗೆ ಬೇಡ. ಮೊದಲು ಪುಟದ ಖಾಲಿ ಅಂಚು ನೋಡಿ. ಅದೇ ಹಳದಿಯಾಗಿದ್ದರೆ ಕಾಗದದ ಪಾಲೂ ಇದೆ. ಅಂಚು ಬೆಳ್ಳಗಿದ್ದು ಚಿತ್ರದಲ್ಲಿನ ಹುಡುಗರ ಬಿಳಿ ಪಂಚೆ ಗುಲಾಬಿಯಾಗಿದ್ದರೆ ತಪ್ಪು ಮುದ್ರಣದ್ದೇ. ಹಿನ್ನೆಲೆ ನೋಡಿ ತೀರ್ಮಾನಿಸಬೇಡಿ, ಮೂಲದಲ್ಲೇ ಅದು ಕೆಂಪು ಛಾಯೆಯದು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ (10ಎಕ್ಸ್) ಭೂತಗನ್ನಡಿಯಲ್ಲಿ ಪಂಚೆಯ ಗೆರೆ ನೋಡಿ: ಒಂದು ಬಣ್ಣದ ಚುಕ್ಕೆಗಳು ಆಚೆ ಚಾಚಿದ್ದರೆ ಒಂದೊಂದು ಬಣ್ಣವನ್ನು ಬೇರೆಯಾಗಿ ಅಚ್ಚೊತ್ತುವ ಪ್ಲೇಟುಗಳು ಸರಿಯಾಗಿ ಕೂತಿಲ್ಲ; ನಕಲು ಬರೆಯಲು ಆ ಪುಟ ಬೇಡ.

ಹೊಸದೂ ಪೂರ್ತಿ ಸರಿ ಎನ್ನಲಾರೆ. ಮೂಲಚಿತ್ರ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯದ್ದು; ಬಣ್ಣ ಕಲಸುವ ಮೊದಲು ಗ್ಯಾಲರಿಯವರೇ ಪ್ರಕಟಿಸಿದ ಪ್ರತಿಯೊಂದಿಗೆ ಹೋಲಿಸಿ.