ಅಪು ಕೊಡೆ ಹಿಡಿದು ಹೊರಟ ಮೇಲೆ

ಪ್ರಿಯ ಓದುಗರೇ,

ಮಕ್ಕಳು ಬಿಕ್ಕಿ ಬಿಕ್ಕಿ ಅಳುವ ಚಿತ್ರಗಳಲ್ಲಿ ಬಾರದ ಕಣ್ಣೀರು ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ಯಲ್ಲಿ ಪುಟ್ಟ ಹುಡುಗ ಅಪು ಸುಮ್ಮನೆ ಓಡಾಡುವಾಗ ಬಂತು, ಯಾಕೆ ಎಂದು ಕೇಳಿದ್ದೀರಿ. ಎಂಟು ವರ್ಷದ ಹುಡುಗನನ್ನಿಟ್ಟುಕೊಂಡು ಕಿರುಚಿತ್ರ ಮಾಡಹೊರಟ ನಿಮಗೆ ಸಲಹೆಯೂ ಬೇಕಾಗಿದೆ.

ಅಪುವಿನ ಅಕ್ಕ ದುರ್ಗಾ ಸತ್ತ ಮೇಲಿನ ಭಾಗವನ್ನು ಇನ್ನೊಮ್ಮೆ ನೋಡಿ. ಅದುವರೆಗೆ ಅಪುವನ್ನು ಎಬ್ಬಿಸಿ, ತಲೆ ಬಾಚಿ ಕಳಿಸುತ್ತಿದ್ದವರು ಅಕ್ಕ, ಅಮ್ಮ. ಈಗ ಅವನೇ ಹಲ್ಲುಜ್ಜಿಕೊಳ್ಳುತ್ತಾನೆ, ತಲೆ ಬಾಚಿಕೊಳ್ಳುತ್ತಾನೆ. ಹೊರಟವನು ಆಕಾಶ ನೋಡಿ, ವಾಪಸು ಬಂದು ಕೊಡೆ ತೆಗೆದುಕೊಳ್ಳುತ್ತಾನೆ. ಮಳೆಯಲ್ಲಿ ನೆನೆದೇ ಅಲ್ಲವೇ ಅಕ್ಕನಿಗೆ ಜ್ವರ ಬಂದದ್ದು? ಆ ಕೊಡೆಯ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಊರು ಬಿಡುವ ಹೊತ್ತಿಗೆ, ತಾನು ಕದ್ದೇ ಇಲ್ಲವೆಂದು ಅಕ್ಕ ಹೇಳಿದ್ದ ಸರ ಅವನ ಕೈಗೆ ಸಿಗುತ್ತದೆ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ಪಾಚಿ ಸರಿಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಅಮ್ಮನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಹುಡುಗ ಗುಟ್ಟು ಕಾಯುವಷ್ಟು ದೊಡ್ಡವನಾದದ್ದಕ್ಕೆ ನೋಡುಗರಷ್ಟೇ ಸಾಕ್ಷಿ. ನಿಮ್ಮನ್ನು ಅಳಿಸಿದ್ದು ಅದು.

ನಮ್ಮ ‘ಘಟಶ್ರಾದ್ಧ’ದ (1977) ನಾಣಿಯೂ ಹೀಗೆಯೇ. ವಿಧವೆ ಯಮುನಕ್ಕ ಬಸಿರಾಗಿ ಬಹಿಷ್ಕಾರಕ್ಕೆ ಒಳಗಾದದ್ದು ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಗಿರೀಶ ಕಾಸರವಳ್ಳಿ ಅವನ ಬಾಯಿಂದ ಅದನ್ನು ವಿವರಿಸಲು ಹೋಗುವುದೂ ಇಲ್ಲ. ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿಟ್ಟ ಕೂಡಲೇ ಇಂಥ ಚಿತ್ರ ಕೆಡುತ್ತದೆ.

ಇನ್ನು ನಿಮ್ಮ ಕೆಲಸ. ಹುಡುಗನಿಗೆ ಭಾವನೆ ಹೇಳಿಕೊಡಬೇಡಿ, ಮಾಡಲು ಏನಾದರೂ ಕೊಡಿ. ಕಾಶ ಹುಲ್ಲಿನ ಬಯಲಲ್ಲಿ ಅಪು ಅಕ್ಕನನ್ನು ಹುಡುಕುತ್ತ ತಡೆತಡೆದು ನಡೆಯಬೇಕಿತ್ತು. ಅಪುವಿನ ಪಾತ್ರ ಮಾಡಿದ ಸುಬೀರ್ ಬ್ಯಾನರ್ಜಿಗೆ ಅದು ಬರಲಿಲ್ಲ. ಸತ್ಯಜಿತ್ ರಾಯ್ ದಾರಿಯಲ್ಲಿ ದಾಟಬೇಕಾದ ಕಡ್ಡಿಗಳನ್ನಿಟ್ಟರು, ಹುಲ್ಲಿನ ಮರೆಯಿಂದ ಬೇರೆ ಬೇರೆಯವರ ಕೈಲಿ ಹೆಸರು ಕೂಗಿಸಿದರು. ನಡಿಗೆ ತಾನಾಗಿ ಬಂತು. ತಾಲೀಮು ಎಂದು ಹೇಳಿ ಕ್ಯಾಮೆರಾ ಓಡಿಸಿಬಿಡಿ. ಮೂರು-ನಾಲ್ಕು ಟೇಕ್ ಆದ ಮೇಲೆ ಮಕ್ಕಳು ತಮ್ಮನ್ನೇ ಅನುಕರಿಸತೊಡಗುತ್ತಾರೆ. ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕೆ, ನೆಲದಿಂದ ನಾಲ್ಕಡಿಗೆ ತುಸು ಕಡಿಮೆ, ಇರಲಿ.

ರಾಯ್ 1952ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಚಿತ್ರ, ದುಡ್ಡಿಲ್ಲದೆ ನಿಂತು ನಿಂತು, ತೆರೆ ಕಂಡದ್ದು 1955ರಲ್ಲಿ. ಅಷ್ಟರಲ್ಲಿ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದುಬಿಡಲಿಲ್ಲ. ಅದನ್ನವರು ಪವಾಡವೆಂದೇ ಕರೆದರು. ನೀವು ಒಂದೇ ಬೇಸಿಗೆ ರಜೆಯಲ್ಲಿ ಮುಗಿಸಿ. ಒಂದು ಹಾಲುಹಲ್ಲು ಬಿದ್ದರೂ ಶಾಟ್‌ಗೆ ಶಾಟ್ ಕೂಡುವುದಿಲ್ಲ.

ಹಿನ್ನೆಲೆ ಸಂಗೀತ ಹಾಕಿಸುವ ಮುಂಚೆ ಇಡೀ ಚಿತ್ರವನ್ನು ದನಿ ತೆಗೆದು ನೋಡಿ. ಹುಡುಗ ಏನು ಮಾಡಿದನೆಂದು ಆಗ ತಿಳಿಯದ ದೃಶ್ಯವನ್ನು ಪಿಟೀಲು ಕಾಪಾಡಲಾರದು. ಅದನ್ನು ರಜೆ ಮುಗಿಯುವುದರೊಳಗೆ ಮತ್ತೆ ತೆಗೆಯಿರಿ.

— ಸಂ.