ಕಾರ್ಬನ್ ಗೂಡಿನೊಳಗೆ ಲೋಹ ಸೇರಿಸಿದ್ರೆ ಮ್ಯಾಗ್ನೆಟ್ ಆಗುತ್ತಾ?

ಪ್ರಶ್ನೆ: ಫುಲರೀನ್ ಅನ್ನೋ ಟೊಳ್ಳು ಕಾರ್ಬನ್ ಗೂಡಿನ ಒಳಗೆ ಲೋಹದ ಪರಮಾಣು ಸೇರಿಸ್ತಾರೆ ಅಂತ ಓದಿದೆ. ಅದರ ಕಾಂತತೆ ಹೊರಗೆ ಗೊತ್ತಾಗುತ್ತಾ, ಇಲ್ಲ ಗೂಡು ತಡೆದುಬಿಡುತ್ತಾ? ಕಬ್ಬಿಣ ಹಾಕಿದ್ರೆ ಒಂದೇ ಅಣುವಿನ ಮ್ಯಾಗ್ನೆಟ್ ಸಿಗಲ್ವಾ?

ಉತ್ತರ: ಮೊದ್ಲು ಕಬ್ಬಿಣದ ಆಸೆ ಬಿಡಿ. ಈ ಗೂಡಿಗೆ ಸಲೀಸಾಗಿ ಸೇರೋದು ಸ್ಕ್ಯಾಂಡಿಯಂ, ಯಿಟ್ರಿಯಂ, ಲ್ಯಾಂಥನಂ, ಆಮೇಲೆ ಗ್ಯಾಡೋಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಥರದವು, ಇವು ಎಲೆಕ್ಟ್ರಾನ್‌ಗಳನ್ನ ಧಾರಾಳವಾಗಿ ಬಿಟ್ಟುಕೊಡ್ತವೆ, ಗೂಡಿಗೂ ಅದೇ ಬೇಕು. ಗ್ರಾಫೈಟ್ ಕಡ್ಡಿಗೆ ತೂತು ಕೊರೆದು ಲೋಹದ ಆಕ್ಸೈಡ್ ತುಂಬಿ ಹೀಲಿಯಂನಲ್ಲಿ ಆರ್ಕ್ (ಜೋರು ವಿದ್ಯುತ್ ಕಿಡಿ) ಹೊಡೆಸ್ತಾರೆ, ಬರೋ ಮಸಿಯಿಂದ ಹೆಕ್ಕಿ ತೆಗೀಬೇಕು, ಅದೂ ಚೂರೇ ಚೂರು.

ಗೂಡು ಕಾಂತತೆಯನ್ನ ತಡೆಯಲ್ಲ, ಆದ್ರೆ ಲೆಕ್ಕಾನೇ ಬದಲಾಯಿಸುತ್ತೆ. 82 ಕಾರ್ಬನ್‌ಗಳ ಗೂಡಿನಲ್ಲಿ ಕೂತ ಲ್ಯಾಂಥನಂ ತನ್ನ ಮೂರು ಎಲೆಕ್ಟ್ರಾನನ್ನೂ ಗೂಡಿಗೆ ಕೊಟ್ಟು ಕಾಂತತೆಯೇ ಇಲ್ಲದ ಹಾಗಾಗುತ್ತೆ, ಜೋಡಿ ಸಿಗದ ಒಂದು ಎಲೆಕ್ಟ್ರಾನ್ ಇರೋದು ಗೂಡಿನ ಗೋಡೆಯಲ್ಲಿ! ಡಿಸ್ಪ್ರೋಸಿಯಂದು ಬೇರೆ ಕಥೆ. ಅದೂ ಮೂರು ಕೊಡುತ್ತೆ, ಆದ್ರೆ ಕಾಂತತೆ ಹುಟ್ಟೋದು 4ಎಫ್ ಅನ್ನೋ ಆಳದ ಪದರದಲ್ಲಿರೋ ಎಲೆಕ್ಟ್ರಾನ್‌ಗಳಿಂದ, ಅವು ಹಾಗೇ ಉಳೀತವೆ.

ಆದ್ರೆ ಕಾಂತತೆ ಇದ್ದ ಮಾತ್ರಕ್ಕೆ ಮ್ಯಾಗ್ನೆಟ್ ಆಗಲ್ಲ, ಹೊರಗಿನ ಫೀಲ್ಡ್ ತೆಗೆದ ಮೇಲೂ ದಿಕ್ಕು ಹಿಡ್ಕೊಂಡಿರಬೇಕು. 2012ರಲ್ಲಿ 80 ಕಾರ್ಬನ್ ಗೂಡಿನೊಳಗೆ ಒಂದು ನೈಟ್ರೋಜನ್, ಅದರ ಸುತ್ತ ಒಂದು ಡಿಸ್ಪ್ರೋಸಿಯಂ, ಎರಡು ಸ್ಕ್ಯಾಂಡಿಯಂ ಇರೋ ಅಣುವಿನಲ್ಲಿ ಈ ಗುಣ ಸ್ವಲ್ಪಮಟ್ಟಿಗೆ ಕಾಣಿಸ್ತು. ನೈಟ್ರೋಜನ್‌ನ ಋಣ ಚಾರ್ಜು ಡಿಸ್ಪ್ರೋಸಿಯಂನ ಕಾಂತತೆಯನ್ನ ಒಂದೇ ಗೆರೆಯಲ್ಲಿ ನಿಲ್ಲಿಸುತ್ತೆ. ಕಷ್ಟ ಏನಂದ್ರೆ ಫೀಲ್ಡ್ ಸೊನ್ನೆಗೆ ಬಂದ ಕೂಡ್ಲೇ ಅದು ಕ್ವಾಂಟಂ ಟನಲಿಂಗ್‌ನಿಂದ, ಅಂದ್ರೆ ಅಡ್ಡ ಇರೋ ಶಕ್ತಿಯ ಗೋಡೆ ಹತ್ತದೇ ಒಳಗಿಂದಲೇ ನುಸುಳಿ, ಉಲ್ಟಾ ಹೊಡೆಯುತ್ತೆ. ಡಿಸ್ಪ್ರೋಸಿಯಂ ಎರಡು ಹಾಕಿದ್ರೆ ಇಬ್ಬರೂ ಒಟ್ಟಿಗೆ ತಿರುಗಬೇಕಾದ್ರಿಂದ ಟನಲಿಂಗ್ ಸುಲಭವಲ್ಲ, ಚೆನ್ನಾಗಿ ಹಿಡ್ಕೊಳ್ಳುತ್ತೆ. ಹಾಗಾದ್ರೆ ಮೂರು ಇನ್ನೂ ಚೆನ್ನಲ್ವಾ ಅಂದ್ರೆ, ಇಲ್ಲ! ತ್ರಿಕೋನದಲ್ಲಿ ಕೂತ ಮೂವರಿಗೂ ಒಪ್ಪಿಗೆಯಾಗೋ ಜೋಡಣೆ ಒಂದೇ ಇಲ್ಲ, ಸರಿಸಮಾನವಾದ್ದು ಹಲವು, ಒಂದರಿಂದ ಇನ್ನೊಂದಕ್ಕೆ ಜಾರ್ತಾ ಇರುತ್ತೆ, ಹಿಡಿತ ಹೋಗುತ್ತೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆಮೇಲೆ ನೈಟ್ರೋಜನ್ನೂ ಬೇಡ ಅಂತ ಎರಡೇ ಲೋಹದ ಪರಮಾಣು ಇಟ್ಟು ನೋಡಿದ್ರು, ಮಧ್ಯೆ ಬಾಂಡ್ ಆಗಿರೋದು ಒಂದೇ ಒಂದು ಎಲೆಕ್ಟ್ರಾನ್, ಅದು ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕುತ್ತೆ. ಟರ್ಬಿಯಂ ಜೋಡಿ ಹೀಗೆ ಸುಮಾರು 25 ಕೆಲ್ವಿನ್ ತನಕ, ಅಂದ್ರೆ ಮೈನಸ್ 248 ಡಿಗ್ರಿ ತನಕ ಹಿಡ್ಕೊಂಡಿತ್ತು. ದ್ರವ ನೈಟ್ರೋಜನ್ 77 ಕೆಲ್ವಿನ್, ಅಲ್ಲಿಗೆ ಇನ್ನೂ ದೂರ ಇದೆ. ಗೂಡಿಲ್ಲದ ಡಿಸ್ಪ್ರೋಸಿಯಂ ಸಂಯುಕ್ತವೊಂದು 2018ರಲ್ಲೇ 80 ಕೆಲ್ವಿನ್ ಮುಟ್ಟಿತು, ಸೋ ಈ ರೇಸಲ್ಲಿ ಗೂಡು ಹಿಂದೆ. ಆದ್ರೆ ನೈಟ್ರೋಜನ್ ಇರೋ ಗೂಡುಗಳನ್ನ ಆವಿ ಮಾಡಿ ಲೋಹದ ಮೇಲ್ಮೈ ಮೇಲೆ ಒಂದೇ ಪದರ ಕೂರಿಸಬಹುದು, ಒಳಗಿರೋದಕ್ಕೆ ಏನೂ ಆಗಲ್ಲ.

ಪ್ರಶ್ನೆ: ಇದರಿಂದ ವೈದ್ಯಕೀಯಕ್ಕೆ ಏನಾದ್ರೂ ಉಪಯೋಗ?

ಉತ್ತರ: ಅಲ್ಲಿ ದಿಕ್ಕು ಹಿಡ್ಕೊಳ್ಳೋ ಗೊಡವೆ ಇಲ್ಲ. ಏಳು ಒಂಟಿ ಎಲೆಕ್ಟ್ರಾನ್ ಇರೋ ಗ್ಯಾಡೋಲಿನಿಯಂ ಸಾಕು, ಎಂಆರ್‌ಐ ಕಾಂಟ್ರಾಸ್ಟ್‌ಗೆ (ಸ್ಕ್ಯಾನ್ ಚಿತ್ರ ಸ್ಪಷ್ಟವಾಗಿ ಕಾಣೋಕೆ ಕೊಡೋ ಮದ್ದಿಗೆ) ಬಳಸೋದೂ ಅದನ್ನೇ, ಸೋರಿದ್ರೆ ವಿಷ ಅನ್ನೋದೇ ಭಯ. ಗೂಡಿನೊಳಗಿದ್ರೆ ಸೋರಲ್ಲ, ಆದ್ರೆ ನೀರೂ ಅದನ್ನ ಮುಟ್ಟಕ್ಕಾಗಲ್ಲ, ಎಂಆರ್‌ಐ ಮುಖ್ಯವಾಗಿ ನೋಡೋದು ಮೈಯಲ್ಲಿರೋ ನೀರನ್ನೇ, ಅದಕ್ಕೇ ಗೂಡಿನ ಹೊರಗೆ ಓಎಚ್ (ಆಮ್ಲಜನಕ-ಜಲಜನಕ) ಗುಂಪುಗಳನ್ನ ಅಂಟಿಸ್ತಾರೆ, ಅವುಗಳ ಮೂಲಕ ಸುತ್ತಲಿನ ನೀರಿಗೆ ಪರಿಣಾಮ ತಲುಪುತ್ತೆ.